ಏಳು ಮಾತ್ರೆಯ ರಾಕ್, 44,100 ತುಣುಕಿನ ಸೆಕೆಂಡು

ಸಂಜೆ ಆರರ ಮೇಲೆ ನೆಹರು ನಗರದಲ್ಲಿ ಒಂದು ಸದ್ದನ್ನು ಇನ್ನೊಂದರಿಂದ ಬಿಡಿಸಿ ಕೇಳುವುದು ಕಷ್ಟ. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳು, ಕೆಎಲ್‌ಇ ಆಸ್ಪತ್ರೆಯ ಕಡೆ ಓಡುವ ಆ್ಯಂಬುಲೆನ್ಸು, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸುತ್ತ ಎದ್ದ ಹಾಸ್ಟೆಲ್ಲು, ಪಿಜಿಗಳಿಂದ ಹೊರಬೀಳುವ ನಾಲ್ಕಾರು ಭಾಷೆ. ಆ ಕಿಟಕಿಗಳಲ್ಲಿ ಒಂದೆರಡರಿಂದಾದರೂ ಗಿಟಾರು ಕೇಳಿಸದ ಸಂಜೆ ಅಪರೂಪ. ಇದೇ ಬಡಾವಣೆಯಲ್ಲಿ ಕುಮಾರ ಗಂಧರ್ವ ರಂಗಮಂದಿರವೂ ಇದೆ. ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ, ಚಿಕ್ಕವನಿರುವಾಗಲೇ ಕಛೇರಿ ಹಾಡಿ ‘ಗಂಧರ್ವ’ ಅನ್ನಿಸಿಕೊಂಡ ಹುಡುಗ. ಬೆಳಗಾವಿಯವರಿಗೆ ಆ ಹೆಸರು ಮನೆಮಾತು. ಗಿಟಾರಿನ ಹುಡುಗರು ಮಾತ್ರ ರಂಗಮಂದಿರದ ಗೇಟಿನ ಮುಂದೆ ಹಾದುಹೋಗುವಾಗ ಆ ಹೆಸರಿನ ಕಡೆ ತಲೆ ಎತ್ತಿ ನೋಡುವುದನ್ನು ನಾನು ಕಂಡಿಲ್ಲ.

ನಮ್ಮ ಓಣಿಯ ತಬಲಾ ಮಾಸ್ತರರ ಮನೆಗೆ ಒಮ್ಮೆ ಅಂಥ ಒಬ್ಬ ಹುಡುಗ ಬಂದಿದ್ದ. ಪಾಠಕ್ಕಲ್ಲ, ಎದುರುಮನೆಯ ಬಾಡಿಗೆದಾರ, ಬಾಡಿಗೆ ಕೊಡಲು ಬಂದವನು. ಮಾಸ್ತರರು ಅವನನ್ನು ತಡೆದು, ದಿನಾ ರಾತ್ರಿ ನೀನು ಬಾರಿಸುವುದು ಏನು ಎಂದು ಕೇಳಿದರು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಎಂದ. 1973ರ ಹಾಡು, ಅದರ ಬೇಸ್ ಗಿಟಾರಿನ ಸುತ್ತು ಒಮ್ಮೆ ಕಿವಿಗೆ ಬಿದ್ದರೆ ಬಿಡುವುದಿಲ್ಲ. ಹುಡುಗ ಗಿಟಾರು ತಂದು ಬಾರಿಸಿದ. ಮಾಸ್ತರರು ತೊಡೆಯ ಮೇಲೆ ಬೆರಳಾಡಿಸಿ ಎಣಿಸಿದರು.

‘ಏಳs ಐತೆಲ್ಲೋ ತಮ್ಮಾ ಇದು. ರೂಪಕ ಅಲ್ಲ, ಖಂಡ ಬ್ಯಾರೆ ಅದಾವ. ಆದ್ರ ಏಳs.’

‘ಹೌದ್ರೀ ಸರ, ಸೆವೆನ್ ಫೋರ್. ಇದು ಭಾಳ ಕಠಿಣ ಅಂತಾರ್ರೀ.’

‘ಯಾರಿಗೆ ಕಠಿಣ?’

ಮಾಸ್ತರರು ಕೇಳಿದ್ದು ಕುಹಕದಿಂದಲ್ಲ, ನಿಜವಾಗಿಯೂ ತಿಳಿಯದೆ. ನನಗೆ ಆ ಪ್ರಶ್ನೆಯೇ ಈ ಲೇಖನದ ಬೀಜ.

‘ಪ್ರೊಗ್ರೆಸ್ಸಿವ್ ರಾಕ್’ ಎಂದು ಕರೆಸಿಕೊಳ್ಳುವ ಸಂಗೀತ ಇಂಗ್ಲೆಂಡಿನಲ್ಲಿ ಗಟ್ಟಿಯಾಗಿ ಕಾಲೂರಿದ್ದು 1969ರ ಅಕ್ಟೋಬರಿನಲ್ಲಿ, ಕಿಂಗ್ ಕ್ರಿಮ್ಸನ್ ತಂಡದ ಚೊಚ್ಚಲ ಆಲ್ಬಂ ಬಂದಾಗ. ಮೂರು ನಿಮಿಷದ ಪ್ರೇಮಗೀತೆಯಿಂದ ರಾಕ್ ಸಂಗೀತವನ್ನು ಬಿಡಿಸಿ ತರುವುದು ಆ ಪೀಳಿಗೆಯ ಹಟವಾಗಿತ್ತು. ಯೆಸ್ ತಂಡ 1972ರಲ್ಲಿ ಒಂದೇ ಹಾಡನ್ನು ಎಲ್‌ಪಿಯ ಇಡೀ ಒಂದು ಬದಿಗೆ ಹರಡಿತು. ಅದೇ ವರ್ಷ ಜೆಥ್ರೊ ಟಲ್ ತಂಡ ಎರಡೂ ಬದಿ ಸೇರಿಸಿ ಒಂದೇ ಹಾಡು ಮಾಡಿತು; ಎಲ್‌ಪಿ ತಿರುವಿ ಹಾಕುವಷ್ಟೇ ಬಿಡುವು. ಇಡೀ ಆಲ್ಬಂ ಒಂದು ವಿಚಾರದ ಸುತ್ತ ಸುತ್ತಬೇಕು, ವಾದ್ಯಗಾರರಿಗೆ ಕೈ ತೋರಿಸಲು ಜಾಗ ಬೇಕು, ಮತ್ತು ತಾಳ ನಾಲ್ಕನ್ನು ಬಿಟ್ಟು ಐದು, ಏಳು, ಒಂಬತ್ತಕ್ಕೆ ಹೋಗಬೇಕು. ಈ ಕೊನೆಯದೇ ಅವರ ದೊಡ್ಡ ಹೆಗ್ಗಳಿಕೆ. ಜೆನೆಸಿಸ್ ತಂಡದ ಒಂದು ದೀರ್ಘ ಹಾಡಿನಲ್ಲಿ ಒಂಬತ್ತರ ಎಣಿಕೆಯ ಭಾಗವೊಂದು ಬರುತ್ತದೆ. ಅದರ ಅಭಿಮಾನಿಗಳು ಇವತ್ತಿಗೂ ಅದನ್ನು ಹಿಮಾಲಯ ಹತ್ತಿ ಬಂದವರಂತೆ ವರ್ಣಿಸುತ್ತಾರೆ.

ಇತ್ತ ಝಪತಾಲ, ರೂಪಕ, ಮತ್ತತಾಲ, ದೀಪಚಂದಿ. ಹತ್ತು, ಏಳು, ಒಂಬತ್ತು, ಹದಿನಾಲ್ಕು. ದಕ್ಷಿಣಾದಿಯಲ್ಲಿ ಖಂಡಛಾಪು ಐದು, ಮಿಶ್ರಛಾಪು ಏಳು. ಬೆಳಗಾವಿ ಈ ಎರಡೂ ಪದ್ಧತಿಯ ಗಡಿ ಸೀಮೆ. ಇಲ್ಲಿ ರೂಪಕ ಅಂದರೆ ಏಳು, ಬೆಂಗಳೂರಿಗೆ ಹೋದರೆ ಅದೇ ರೂಪಕ ಆರಾಗುತ್ತದೆ. ನಾಟ್ಯಗೀತೆ ಕೇಳಿ ಬೆಳೆದ ಅಜ್ಜಿಯೂ ಎಣಿಸದೆಯೇ ಏಳರಲ್ಲಿ ತಲೆದೂಗುತ್ತಾಳೆ. ಹಾಗಾದರೆ ಆ ಇಂಗ್ಲಿಷ್ ತಂಡಗಳು ಬೆವರು ಸುರಿಸಿ ಹುಡುಕುತ್ತಿದ್ದುದು ನಮ್ಮ ಅಜ್ಜಿಯ ತಲೆದೂಗೆಯನ್ನೇ? ಅಷ್ಟು ಸುಲಭವಾಗಿ ಹೆಮ್ಮೆ ಪಡಬೇಕಾಗಿಲ್ಲ. ತಾಳ ನಮ್ಮಲ್ಲಿತ್ತು ನಿಜ, ಆದರೆ ಹತ್ತು ವಾದ್ಯ ಏಕಕಾಲಕ್ಕೆ ಬೇರೆ ಬೇರೆ ಸ್ವರಪಂಕ್ತಿ ನುಡಿಸುವ ಹಾರ್ಮನಿಯ ಕಟ್ಟಡ ನಮ್ಮಲ್ಲಿರಲಿಲ್ಲ. ಆ ಕಟ್ಟಡಕ್ಕೂ ಈ ತಾಳಕ್ಕೂ ಮದುವೆಯಾದರೆ ಏನಾಗುತ್ತದೆ? ಕರ್ನಾಟಕದ ಮಟ್ಟಿಗೆ ಇದಕ್ಕೆ ಒಂದು ಖಚಿತವಾದ ಉತ್ತರವಿದೆ. 1982ರಲ್ಲಿ ಜರ್ಮನಿಯಲ್ಲಿ ಹೊರಬಂದ, ಇಲ್ಲಿ ಬಹುತೇಕ ಯಾರೂ ಕೇಳದ ಒಂದು ಎಲ್‌ಪಿ.

ಕಥೆ ಮ್ಯೂನಿಕ್ಕಿನಿಂದ ಶುರುವಾಗುತ್ತದೆ. ಎಂಬ್ರಿಯೊ ಎಂಬ ತಂಡ 1969ರಲ್ಲಿ ಅಲ್ಲಿ ಹುಟ್ಟಿತು. ಡ್ರಮ್ಸ್ ಮತ್ತು ವೈಬ್ರಫೋನ್ ನುಡಿಸುತ್ತಿದ್ದ ಕ್ರಿಸ್ಟಿಯನ್ ಬುರ್ಖಾರ್ಡ್ ಅದರ ಬೆನ್ನೆಲುಬು. ಜಾಝ್ ಮತ್ತು ರಾಕ್ ಎರಡಕ್ಕೂ ಸೇರದ, ಎರಡನ್ನೂ ಬಿಡದ ತಂಡ. 1973ರಲ್ಲಿ ಅವರ ಜೊತೆ ಸ್ಯಾಕ್ಸೊಫೋನ್ ಹಿಡಿದು ಬಂದವರು ಚಾರ್ಲಿ ಮರಿಯಾನೊ. ಬಾಸ್ಟನ್ನಿನ ಈ ಜಾಝ್ ಕಲಾವಿದ ಅದಕ್ಕೆ ಮೊದಲೇ ಮಲೇಷ್ಯಾಕ್ಕೆ ಹೋಗಿ, ಅಲ್ಲಿ ನಾಗಸ್ವರ ಕೇಳಿ, ಅದರ ಬೆನ್ನು ಹತ್ತಿದ್ದವರು. 1978–79ರಲ್ಲಿ ಎಂಬ್ರಿಯೊ ತಂಡ ಬಸ್ಸು ಕಟ್ಟಿಕೊಂಡು ಹೊರಟಿತು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ. ವೆರ್ನರ್ ಪೆನ್ಝಲ್ ಇದನ್ನು ‘ವಾಗಾಬುಂಡನ್ ಕರವಾನೆ’ ಎಂಬ ಚಿತ್ರ ಮಾಡಿದರು, ತಂಡ ‘ಎಂಬ್ರಿಯೋಸ್ ರೈಜ’ ಎಂಬ ಜೋಡಿ ಎಲ್‌ಪಿ ಹೊರತಂದಿತು. ಇರಾನಿನಲ್ಲಿ ಕ್ರಾಂತಿ ನಡೆದ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ವರ್ಷಗಳವು. ಆ ರಸ್ತೆಯಲ್ಲಿ ಗಿಟಾರು ಹೊತ್ತು ಬಸ್ಸಿನಲ್ಲಿ ಬರುವುದು ಅದಾದ ಮೇಲೆ ಸಾಧ್ಯವಿರಲಿಲ್ಲ.

ಅತ್ತ ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಕಟ್ಟಿದ್ದರು. ಲಯವಾದ್ಯಗಳಿಗೆಂದೇ ಒಂದು ಶಾಲೆ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ತವಿಲ್, ಎಲ್ಲಕ್ಕಿಂತ ಹೆಚ್ಚಾಗಿ ಬಾಯಲ್ಲಿ ಜತಿ ಹೇಳುವ ಕೊನ್ನಕೋಲು. ಕಛೇರಿಯಲ್ಲಿ ಹಾಡುಗಾರರ ಪಕ್ಕಕ್ಕೆ ಕೂರುವವರನ್ನು ವೇದಿಕೆಯ ನಡುವಿಗೆ ತಂದು ಕೂರಿಸಿದ ಯೋಚನೆ ಇದು. ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಈ ಕೂಟದ ಇನ್ನೊಂದು ಶಕ್ತಿ. ಬೆಂಗಳೂರಿನ ರಾಕ್ ವಲಯಕ್ಕೂ ಈ ಶಾಲೆಗೂ ನಡುವೆ ಆಗಲೇ ಒಂದು ಬಾಗಿಲು ತೆರೆದಿತ್ತು. ಎಪ್ಪತ್ತರ ದಶಕದ ‘ಹ್ಯೂಮನ್ ಬಾಂಡೇಜ್’ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋಥಂ ಇಲ್ಲಿಯೇ ತವಿಲ್ ಕಲಿತು, ಮುಂದೆ ಯುರೋಪಿಗೆ ಹೋಗಿ ನೆಲೆಸಿದರು.

1981ರಲ್ಲಿ ಎಂಬ್ರಿಯೊ ತಂಡದಿಂದ ಕೆಲವರು ಒಡೆದು ಹೊರಬಂದರು. ಮೊದಲು ‘ಎಂಬ್ರಿಯೋಸ್ ಡಿಸಿಡೆಂಟನ್’ ಎಂದೂ ಆಮೇಲೆ ಬರೀ ‘ಡಿಸಿಡೆಂಟನ್’ ಎಂದೂ ಕರೆದುಕೊಂಡರು. ಊವೆ ಮ್ಯುಲ್ರಿಖ್, ಫ್ರೀಡೊ ಯೋಶ್, ಮಾರ್ಲನ್ ಕ್ಲೈನ್ ಇದರ ಮುಖ್ಯರು. ಹೊಸ ತಂಡದ ಚೊಚ್ಚಲ ಆಲ್ಬಂ ‘ಜರ್ಮನಿಸ್ತಾನ್’ 1982ರಲ್ಲಿ ಬಂತು. ಅದರಲ್ಲಿ ಅವರ ಜೊತೆಗಾರರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಒಂದು ಜರ್ಮನ್ ರಾಕ್ ತಂಡ ತನ್ನ ಮೊದಲ ಹೆಜ್ಜೆಯನ್ನೇ ಬೆಂಗಳೂರಿನ ಲಯಗಾರರ ಕೈ ಹಿಡಿದು ಇಟ್ಟಿತು.

ಈ ಎಲ್‌ಪಿಯ ಬಗ್ಗೆ ನನಗಿರುವ ಮೆಚ್ಚುಗೆ ಅರೆಬರೆಯದು. ಭಾರತೀಯ ವಾದ್ಯ ಸೇರಿಸಿದ ರಾಕ್ ಅಂದಕೂಡಲೇ ಅರವತ್ತರ ದಶಕದಲ್ಲಿ ಸಿತಾರು ಊದುಬತ್ತಿಯ ಕೆಲಸ ಮಾಡುತ್ತಿತ್ತು. ಹಾಡಿನ ಹಿಂದೆ ಒಂದಿಷ್ಟು ಸುವಾಸನೆ, ಅಷ್ಟೇ. ಡಿಸಿಡೆಂಟನ್ ಆ ಚಾಳಿಗೆ ಬೀಳಲಿಲ್ಲ. ಸ್ವರಕ್ಕಿಂತ ಮೊದಲು ಎಣಿಕೆಯ ಹತ್ತಿರ ಹೋಯಿತು. ಆದರೂ ರಾಕ್ ಡ್ರಮ್ಸು ನಾಲ್ಕಕ್ಕೆ ಮರಳುವ ಕಡೆಗಳಲ್ಲಿ ಮೃದಂಗ ಅತಿಥಿಯಾಗಿಬಿಡುತ್ತದೆ. ಅದಕ್ಕಿಂತ ಪಕ್ವವಾದದ್ದು ಮರುವರ್ಷದ ಇನ್ನೊಂದು ತಟ್ಟೆ: ಮ್ಯೂನಿಕ್ಕಿನ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ‘ಜ್ಯೋತಿ’. ಚಾರ್ಲಿ ಮರಿಯಾನೊ, ರಮಾಮಣಿ, ಮಣಿ, ಘಟ–ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಅಲ್ಲಿ ಡ್ರಮ್ಸೇ ಇಲ್ಲ. ಬಾಯಿಯ ಜತಿಯೇ ಮುಂದೆ, ಸ್ಯಾಕ್ಸೊಫೋನ್ ಅದರ ಹಿಂದೆ ತನ್ನ ದಾರಿ ಹುಡುಕಿಕೊಂಡು ಬರುತ್ತದೆ. ರಾಕ್ ಎಂದು ಕರೆಯಲಾಗದು, ಆದರೆ ರಾಕ್ ಪ್ರಶ್ನೆಗೆ ಸರಿಯಾದ ಉತ್ತರ ಅಲ್ಲಿದೆ ಎಂದು ನನ್ನ ಅಂದಾಜು. ಡಿಸಿಡೆಂಟನ್ ಆಮೇಲೆ ಮೊರೊಕ್ಕೊ ಕಡೆ ಹೊರಳಿತು. 1984ರ ‘ಸಹಾರಾ ಎಲೆಕ್ಟ್ರಿಕ್’ ಅವರಿಗೆ ಹೆಸರು ತಂದಿತು. ಚೊಚ್ಚಲ ತಟ್ಟೆ ಮಾತ್ರ ಹಿಂದೆ ಉಳಿಯಿತು.

ಈಗ ಆ 1982ರ ಇನ್ನೊಂದು ಸುದ್ದಿ. ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಕಂಪನಿಯ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು.

ಡಿಜಿಟಲ್ ಧ್ವನಿಮುದ್ರಣ ಅಷ್ಟರಲ್ಲಿ ಹದಿನೈದು ವರ್ಷ ಹಳೆಯದಾಗಿತ್ತು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಹೈಟಾರೊ ನಕಾಜಿಮಾ 1967ರಲ್ಲಿ ಮೊದಲ ಮಾದರಿ ಯಂತ್ರ ಮಾಡಿದ್ದರು. ಅವರು ಮುಂದೆ ಸೋನಿ ಸೇರಿದರು. 1972ರಲ್ಲಿ ಡೆನಾನ್ ಕಂಪನಿ ಎಂಟು ಚಾನೆಲ್ಲಿನ ಯಂತ್ರವನ್ನು ಸ್ಟುಡಿಯೊಗೆ ಇಳಿಸಿತು. ಅಮೆರಿಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಂ 1975ರಲ್ಲಿ ಸೌಂಡ್‌ಸ್ಟ್ರೀಮ್ ಶುರುಮಾಡಿದರು. ರಾಕ್ ಸಂಗೀತದಲ್ಲಿ ದೊಡ್ಡ ಕಂಪನಿಯೊಂದರ ಮೊದಲ ಡಿಜಿಟಲ್ ಆಲ್ಬಂ ರೈ ಕೂಡರ್ 1979ರಲ್ಲಿ ತ್ರೀಎಂ ಕಂಪನಿಯ ಯಂತ್ರದಲ್ಲಿ ಮಾಡಿದ್ದು. ವಿಚಿತ್ರವೆಂದರೆ ಅದು ಹಳೆಯ ಹಾಡುಗಳ ತಟ್ಟೆ. ಹೊಸ ಯಂತ್ರದ ಮುಂದೆ ಮೊದಲು ನಿಂತವರು, ಯಾವಾಗಲೂ ಭವಿಷ್ಯದ ಮಾತಾಡುತ್ತಿದ್ದ ಪ್ರೊಗ್ರೆಸ್ಸಿವ್ ರಾಕಿನವರಲ್ಲ.

ಯಂತ್ರ ಮಾಡುವುದು ಇಷ್ಟು: ಮೈಕಿನಿಂದ ಬರುವ ಅಲೆಯ ಎತ್ತರವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ ತೆಗೆದು ಚಲನೆಯನ್ನು ಹಿಡಿದಂತೆಯೇ ಇದೂ. ಕಿವಿ ಕೇಳುವ ಅತಿ ಮೇಲಿನ ಕಂಪನ ಸೆಕೆಂಡಿಗೆ ಸುಮಾರು 20,000. ಅದನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಅಂದರೆ 40,000 ದಾಟಬೇಕು. ಹಾಗಾದರೆ ಸಿ.ಡಿ.ಗೆ 44,100 ಎಂಬ ಆ ಚಿಲ್ಲರೆ ಎಲ್ಲಿಂದ ಬಂತು?

ವಿಡಿಯೊ ಕ್ಯಾಸೆಟ್ಟಿನಿಂದ. ಇಷ್ಟೊಂದು ಅಂಕಿಗಳನ್ನು ತುಂಬಿಡುವ ಸಾಮರ್ಥ್ಯ ಆಗ ಸಾಮಾನ್ಯ ಆಡಿಯೊ ಟೇಪಿಗಿರಲಿಲ್ಲ, ವಿಡಿಯೊ ಟೇಪಿಗಿತ್ತು. ಎಂಜಿನಿಯರುಗಳು ಧ್ವನಿಯ ಅಂಕಿಗಳನ್ನು ಟಿ.ವಿ. ಚಿತ್ರದ ವೇಷ ಹಾಕಿಸಿ ವಿಡಿಯೊ ರೆಕಾರ್ಡರಿಗೆ ಕೊಟ್ಟರು. ಅಮೆರಿಕ–ಜಪಾನ್ ಪದ್ಧತಿಯಲ್ಲಿ ಸೆಕೆಂಡಿಗೆ 60 ಸಲ ಪರದೆ ಗೀಚುತ್ತದೆ, ಪ್ರತಿ ಸಲವೂ ಬಳಸಬಹುದಾದ ಗೆರೆ 245, ಗೆರೆಗೆ ಮೂರು ಅಳತೆ. ಗುಣಿಸಿದರೆ 44,100. ಯುರೋಪಿನ ಪದ್ಧತಿಯಲ್ಲಿ 50 ಸಲ, 294 ಗೆರೆ, ಗೆರೆಗೆ ಮೂರು. ಅದೂ 44,100. ಎರಡೂ ಲೋಕಕ್ಕೆ ಒಪ್ಪುವ ಸಂಖ್ಯೆ ಸಿಕ್ಕಿತು. ಸೋನಿ ಮತ್ತು ಫಿಲಿಪ್ಸ್ ಅದನ್ನೇ ಸಿ.ಡಿ.ಯ ಕಟ್ಟಳೆಗೆ ಬರೆದರು.

ಆಸ್ಪತ್ರೆಯ ಕ್ಯಾಂಟೀನಿನ ಬಿಲ್ಲಿನ ಹಿಂಬದಿಯಲ್ಲಿ ಒಂದು ದಿನ ನಾನು ಈ ಸಂಖ್ಯೆಯನ್ನು ಸುಮ್ಮನೆ ಒಡೆದು ನೋಡಿದೆ. 44,100 ಅಂದರೆ 210ರ ವರ್ಗ. 210 ಅಂದರೆ ಎರಡು, ಮೂರು, ಐದು, ಏಳರ ಗುಣಲಬ್ಧ. ಈಗ ನಮ್ಮ ಲಯಶಾಸ್ತ್ರದ ಐದು ಜಾತಿಗಳನ್ನು ನೆನೆಯಿರಿ: ತಿಸ್ರ ಮೂರು, ಚತುರಸ್ರ ನಾಲ್ಕು, ಖಂಡ ಐದು, ಮಿಶ್ರ ಏಳು, ಸಂಕೀರ್ಣ ಒಂಬತ್ತು. ಸೆಕೆಂಡಿಗೊಂದು ಪೆಟ್ಟು ಹಾಕುತ್ತ ಆ ಸೆಕೆಂಡನ್ನು ತಕಿಟ ಎಂದು ಒಡೆದರೆ ಪಾಲಿಗೆ 14,700 ಅಳತೆ. ತಕಧಿಮಿ ಎಂದರೆ 11,025. ತದಿಗಿಣತೊಂ ಎಂದು ಐದಾಗಿಸಿದರೆ 8,820. ಏಳಾದರೆ 6,300. ಒಂಬತ್ತಾದರೆ 4,900. ಎಲ್ಲಿಯೂ ಶೇಷವಿಲ್ಲ! ಐದು ಜಾತಿಗೂ ಸಮಪಾಲು. ಕೈಕೊಡುವುದು ಎಲ್ಲಿ ಗೊತ್ತೇ? ಎಂಟರಲ್ಲಿ. ರಾಕ್ ಡ್ರಮ್ಮರುಗಳ ಪ್ರೀತಿಯ ಎಂಟಕ್ಕೆ ಒಡೆದರೆ ಪಾಲಿಗೆ 5,512 ಮತ್ತು ಒಂದು ಅರ್ಧ.

ಇದು ಕಾಕತಾಳೀಯ. ಸೋನಿಯ ಎಂಜಿನಿಯರುಗಳು ಯಾವ ಮೃದಂಗ ವಿದ್ವಾಂಸರನ್ನೂ ಕೇಳಿರಲಿಲ್ಲ. ಒಂದು ಅಳತೆ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ. ಅದರ ಅರ್ಧ ಹೆಚ್ಚುಕಡಿಮೆಯಾದರೆ ಮೃದಂಗದ ದಿಗ್ಗಜ ಪಾಲಘಾಟ್ ಮಣಿ ಅಯ್ಯರ್ ಅವರ ಕಿವಿಗೂ ತಿಳಿಯದು. ಆದರೂ ಬಿಲ್ಲಿನ ಹಿಂಬದಿಯ ಈ ಲೆಕ್ಕದಲ್ಲಿ ಒಂದು ಸುಖವಿತ್ತು. ಮಾಸ್ತರರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಒಂಬತ್ತಕ್ಕೂ ಕೂಡತೈತಿ?’ ಎಂದು ಇನ್ನೊಮ್ಮೆ ಭಾಗಿಸಿ ನೋಡಿದರು.

ಡಿಜಿಟಲ್ ಯಂತ್ರದ ಎಣಿಕೆಯೆಲ್ಲ ಇಷ್ಟು ಉದಾರವಾಗಿರಲಿಲ್ಲ. ಸಿ.ಡಿ. ಬಂದ ಮರುವರ್ಷ, 1983ರಲ್ಲಿ, ಮಿಡಿ ಎಂಬ ಕಟ್ಟಳೆ ಬಂತು. ಒಂದು ಕೀಬೋರ್ಡು ಇನ್ನೊಂದು ಕೀಬೋರ್ಡಿಗೆ, ಡ್ರಮ್ ಮಶೀನಿಗೆ, ಕಂಪ್ಯೂಟರಿಗೆ ‘ಈಗ ಈ ಸ್ವರ ನುಡಿಸು’ ಎಂದು ಹೇಳುವ ಭಾಷೆ ಅದು. ಯಂತ್ರಗಳೆಲ್ಲ ಒಂದೇ ಲಯದಲ್ಲಿ ಓಡಲು ಒಂದು ಪೆಟ್ಟಿಗೆ 24 ಸಣ್ಣ ಮಿಡಿತ ಕಳಿಸುತ್ತದೆ. 24 ಎರಡು, ಮೂರು, ನಾಲ್ಕು, ಆರು, ಎಂಟಕ್ಕೆ ಸಲೀಸು. ಐದಕ್ಕೆ ಇಲ್ಲ, ಏಳಕ್ಕೆ ಇಲ್ಲ, ಒಂಬತ್ತಕ್ಕೆ ಇಲ್ಲ. ಈ 24ರ ಹಿಂದೆ ಇದ್ದದ್ದು ನಾಲ್ಕರಲ್ಲಿ ನಡೆಯುವ, ಆಗೊಮ್ಮೆ ಈಗೊಮ್ಮೆ ಮೂರರಲ್ಲಿ ತೂಗುವ ಸಂಗೀತ. ಹೀಗೆ ಅದೇ ಒಂದೆರಡು ವರ್ಷದಲ್ಲಿ ಡಿಜಿಟಲ್ ಲೋಕದಿಂದ ಎರಡು ಎಣಿಕೆ ಹೊರಟವು. ಹಾಡಿದ್ದನ್ನು ಹಾಡಿದಂತೆ ಬರೆದಿಡುವ ಎಣಿಕೆಗೆ ಯಾವ ತಾಳವಾದರೂ ಸರಿ. ಹಾಡುವ ಮೊದಲೇ ಚೌಕಟ್ಟು ಹಾಕಿ ಕೊಡುವ ಎಣಿಕೆಗೆ ನಾಲ್ಕೇ ಸಲೀಸು. ನಮ್ಮ ಕ್ಯಾಸೆಟ್ ಯುಗದ ಹಾಡುಗಳಿಗೆ ಬಂದು ಅಂಟಿಕೊಂಡದ್ದು ಎರಡನೆಯದು ಎಂಬುದು ನನ್ನ ತಕರಾರು. ಎಂಬತ್ತರ ದಶಕದ ಕೊನೆಗೆ ಕೀಬೋರ್ಡಿನ ಸಿದ್ಧ ರಿದಂ ಒತ್ತಿ ಮಾಡಿದ ಭಕ್ತಿಗೀತೆ, ಜಾನಪದ ಗೀತೆಗಳ ಕ್ಯಾಸೆಟ್ಟು ಎಷ್ಟು ಬಂದವು ನೋಡಿ. ಏಳರಲ್ಲಿ ತೂಗುತ್ತಿದ್ದ ಪದ ಎಂಟಕ್ಕೆ ಹಿಗ್ಗಿದ್ದನ್ನು, ಐದರದು ಆರಕ್ಕೆ ಎಳೆದದ್ದನ್ನು ಗಣಪತಿ ಗಲ್ಲಿಯ ಅಂಗಡಿಗಳ ಸ್ಪೀಕರಿನಲ್ಲಿ ದಿನಾ ಕೇಳುತ್ತಿದ್ದೆವು.

ಖಾನಾಪುರ ಕಡೆಯ ಹಳ್ಳಿಯೊಂದರ ಭಜನಾ ಮಂಡಳಿಯವರು ಕೆಲವು ವರ್ಷಗಳ ಹಿಂದೆ ಹಾಡು ಮುದ್ರಿಸಲು ಒಂದು ಸಣ್ಣ ಸ್ಟುಡಿಯೊಗೆ ಬಂದಿದ್ದರು. ನಾನು ಜೊತೆಗೆ ಹೋಗಿದ್ದೆ. ಪಖವಾಜು, ತಾಳ, ಹಾರ್ಮೋನಿಯಂ. ಒಂದು ಅಭಂಗ ಮರಾಠಿಯಲ್ಲಿ, ಇನ್ನೊಂದು ಪದ ಕನ್ನಡದಲ್ಲಿ, ಆ ತಾಲೂಕಿನಲ್ಲಿ ಹೇಗೋ ಹಾಗೆ. ಎಂಜಿನಿಯರ್ ಹುಡುಗ ಪಖವಾಜಿನ ಕಾಕಾ ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಒಳಗೆ ಬರುವ ಟಿಕ್ ಟಿಕ್‌ಗೆ ಸರಿಯಾಗಿ ಬಾರಿಸಿ ಎಂದ. ಅದನ್ನು ಕ್ಲಿಕ್ ಅನ್ನುತ್ತಾರೆ; ಎಲ್ಲ ವಾದ್ಯವನ್ನೂ ಬೇರೆ ಬೇರೆ ಮುದ್ರಿಸಿ ಆಮೇಲೆ ಜೋಡಿಸಬೇಕಾದರೆ ಅದು ಬೇಕು. ಕಾಕಾ ಒಂದು ನುಡಿ ಬಾರಿಸಿ ನಿಲ್ಲಿಸಿದರು.

‘ಇದು ಕಡೀತನಕ ಹಿಂಗs ಹೋಗತೈತೇನು?’

‘ಹೌದ್ರೀ ಕಾಕಾ, ಬದಲಾಗಂಗಿಲ್ರಿ.’

‘ಹಂಗಾದ್ರ ಗಜರ ಹೆಂಗ ಆಗಬೇಕಪಾ? ಗಜರ ಅಂದ್ರ ಏರಬೇಕು.’

ಭಜನೆಯ ಕೊನೆಯಲ್ಲಿ ಲಯ ಏರುತ್ತ ಏರುತ್ತ ಎಲ್ಲರೂ ಎದ್ದು ನಿಲ್ಲುವ ಘಟ್ಟ ಗಜರ. ಅದು ಸ್ಥಿರ ಟಿಕ್‌ಟಿಕ್‌ನಲ್ಲಿ ಆಗುವುದಿಲ್ಲ. ಹುಡುಗ ಜಾಣ. ಕ್ಲಿಕ್ ತೆಗೆದುಹಾಕಿ, ಎಲ್ಲರನ್ನೂ ಒಟ್ಟಿಗೆ ಒಂದೇ ಕೋಣೆಯಲ್ಲಿ ಕೂರಿಸಿ, ಎರಡು ಮೈಕು ನಿಲ್ಲಿಸಿ ಮುದ್ರಿಸಿದ. ಯಂತ್ರಕ್ಕೆ ಏನೂ ತೊಂದರೆಯಾಗಲಿಲ್ಲ. ಸೆಕೆಂಡನ್ನು 44,100 ಸಲ ಅಳೆಯುವ ಯಂತ್ರಕ್ಕೆ ಲಯ ಏರಿದರೇನು, ಇಳಿದರೇನು? ಕ್ಲಿಕ್ ಬೇಕಾಗಿದ್ದದ್ದು ಹಾಡನ್ನು ತುಂಡು ತುಂಡಾಗಿ ಜೋಡಿಸುವ ನಮ್ಮ ಅಭ್ಯಾಸಕ್ಕೆ.

ಎಂಬತ್ತರ ದಶಕದ ಬೆಳಗಾವಿಗೆ ‘ಜರ್ಮನಿಸ್ತಾನ್’ ಬರುವ ದಾರಿಯೇ ಇರಲಿಲ್ಲ. ಸಿ.ಡಿ. ಪ್ಲೇಯರು ಕೊಲ್ಲಿಯಿಂದ ಬಂದವರ ಮನೆಯಲ್ಲಿ ನೋಡುವ ವಸ್ತು. ಎಲ್‌ಪಿ ಕೊಳ್ಳುತ್ತಿದ್ದವರು ಕುಮಾರ ಗಂಧರ್ವರನ್ನೋ ಭೀಮಸೇನ ಜೋಶಿಯವರನ್ನೋ ಕೊಳ್ಳುತ್ತಿದ್ದರು. ರಾಕ್ ಬರುತ್ತಿದ್ದದ್ದು ಎರಡು ದಿಕ್ಕಿನಿಂದ: ಪುಣೆಯಲ್ಲಿ ಓದಿ ಬಂದವರ ಚೀಲದಲ್ಲಿ, ಇಲ್ಲವೇ ಘಟ್ಟದ ಕೆಳಗಿನ ಗೋವಾದಿಂದ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲಾಗಿ, ಖಾನಾಪುರ ದಾಟುವಷ್ಟರಲ್ಲಿ ಡ್ರಮ್ಸಿನ ಝಲ್ಲರಿ ಅರ್ಧ ಸವೆದಿರುತ್ತಿತ್ತು. ಅನಲಾಗ್ ನಕಲಿನ ಗುಣವೇ ಅದು. ಆ ಹೊತ್ತಿಗೆ ಕನ್ನಡಕ್ಕೆ ತನ್ನದೇ ಕ್ಯಾಸೆಟ್ ಸಂಸ್ಕೃತಿ ಬೆಳೆದಿತ್ತು. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಗೊಂದು ಮಾರುಕಟ್ಟೆ ಇದೆ ಎಂದು ತೋರಿಸಿತ್ತು. ಚಿತ್ರಗೀತೆ ಮುದ್ರಿಸಲು ಮದ್ರಾಸಿಗೆ ಓಡುವುದನ್ನು ತಪ್ಪಿಸಲು ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. ಆದರೆ ಬೆಂಗಳೂರಿನ ಒಂದು ರಾಕ್ ತಂಡ ತನ್ನದೇ ಹಾಡುಗಳ ಆಲ್ಬಂ ಮಾಡಬೇಕೆಂದರೆ ದುಡ್ಡು ಕೊಡುವ ಕಂಪನಿ ಎಲ್ಲಿತ್ತು?

ಬಾಗಿಲು ತೆರೆದದ್ದು ಮತ್ತೆ ವಿಡಿಯೊ ಕ್ಯಾಸೆಟ್ಟು. 1991ರ ಜನವರಿಯಲ್ಲಿ ಅಮೆರಿಕದ ಅಲೆಸಿಸ್ ಕಂಪನಿ ಏಡ್ಯಾಟ್ ಎಂಬ ಯಂತ್ರ ತೋರಿಸಿತು. ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿ ಎಂಟು ಟ್ರ್ಯಾಕ್ ಡಿಜಿಟಲ್ ಧ್ವನಿ, ಬೆಲೆ ನಾಲ್ಕು ಸಾವಿರ ಡಾಲರಿಗೆ ಐದು ಕಡಿಮೆ. ಸಾಲದಿದ್ದರೆ ಇನ್ನೊಂದು ಯಂತ್ರ ಪಕ್ಕಕ್ಕೆ ಜೋಡಿಸಿ ಹದಿನಾರು, ಮತ್ತೊಂದು ಜೋಡಿಸಿ ಇಪ್ಪತ್ನಾಲ್ಕು. ದೊಡ್ಡ ಸ್ಟುಡಿಯೊದ ಡಿಜಿಟಲ್ ಯಂತ್ರಕ್ಕೆ ಒಂದು ಲಕ್ಷ ಡಾಲರಿಗೂ ಮೇಲೆ ಕೊಡಬೇಕಿದ್ದ ಕಾಲವದು. ಅದರ ಬೆನ್ನಿಗೇ ಕಂಪ್ಯೂಟರು ಬಂತು, ಟೇಪು ಬೇಡವಾಯಿತು. ಗ್ಯಾರೇಜು, ಮಾಳಿಗೆ, ಅಂಗಡಿಯ ಹಿಂಗೋಣೆ ಎಲ್ಲವೂ ಸ್ಟುಡಿಯೊ ಆಗಬಹುದಾದ ದಿನಗಳು.

ಆ ದಿನಗಳ ಮಕ್ಕಳು ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’. 1996ರಲ್ಲಿ ಸೇರಿದ ತಂಡ. ಗಿಟಾರು ಮತ್ತು ಹಾಡಿಗೆ ಬ್ರೂಸ್ ಲೀ ಮಣಿ, ಡ್ರಮ್ಸಿಗೆ ರಾಜೀವ್ ರಾಜಗೋಪಾಲ್, ಬೇಸ್‌ಗೆ ರುಡ್ ಡೇವಿಡ್, ಕೀಬೋರ್ಡಿಗೆ ಸುನಿಲ್ ಚಾಂಡಿ. 2000ದಲ್ಲಿ ಬಂದ ಅವರ ಚೊಚ್ಚಲ ಆಲ್ಬಮ್ಮಿನ ಹೆಸರು ‘ಥರ್ಮಲ್‌ಆ್ಯಂಡ್‌ಎಕ್ವಾರ್ಟರ್ ಡಾಟ್ ಕಾಂ’. ಇಂಟರ್‌ನೆಟ್ ವಿಳಾಸವನ್ನೇ ಶೀರ್ಷಿಕೆಯಾಗಿಟ್ಟ ಆಲ್ಬಂ. ಬೆಂಗಳೂರಿನ ಗೋಡೆಗಳೆಲ್ಲ ‘ಡಾಟ್ ಕಾಂ’ ಎನ್ನುತ್ತಿದ್ದ ವರ್ಷಕ್ಕೆ ತಕ್ಕ ತುಂಟತನ. ಆದರೆ ಅದರಲ್ಲಿ ಮುನ್ನೋಟವೂ ಇತ್ತು: ಐದು ವರ್ಷದ ನಂತರ ‘ಪ್ಲಾನ್ ಬಿ’ ಆಲ್ಬಮ್ಮನ್ನು ಅವರು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟರು. 2012ರಲ್ಲಿ ಆಟೊರಿಕ್ಷಾದ ನೆಪದಲ್ಲಿ ಊರಿನ ಕಥೆ ಹೇಳುವ ಮೂರು ತಟ್ಟೆಯ ‘ತ್ರೀ ವೀಲ್ಸ್ ನೈನ್ ಲೈವ್ಸ್’. ಒಂದು ವಿಚಾರದ ಸುತ್ತ ಇಡೀ ಆಲ್ಬಂ ಕಟ್ಟುವ ಹಳೆಯ ಹಟ ಹೀಗೆ ಬೆಂಗಳೂರಿನ ಟ್ರಾಫಿಕ್ಕಿಗೆ ಬಂದು ಸೇರಿತು. ಹಾಡು ಇಂಗ್ಲಿಷಿನಲ್ಲೇ ಇದ್ದರೂ ಕೇಳಿದರೆ ಇದು ಯಾವ ಊರಿನದೆಂದು ಅನುಮಾನ ಬರುವುದಿಲ್ಲ.

ಅದೇ 2012ರಲ್ಲಿ ಬೆಂಗಳೂರಿನ ಇನ್ನೊಂದು ತಂಡ ‘ಅಗಂ’ ತನ್ನ ಮೊದಲ ಆಲ್ಬಂ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಹೊರತಂದಿತು. ಹರೀಶ್ ಶಿವರಾಮಕೃಷ್ಣನ್ ಹಾಡುವ ಈ ತಂಡ ಕರ್ನಾಟಕ ಸಂಗೀತದ ಕೃತಿ, ತಿಲ್ಲಾನಗಳನ್ನು ಪ್ರೊಗ್ರೆಸ್ಸಿವ್ ರಾಕಿನ ಕಟ್ಟಡದಲ್ಲಿ ಕೂರಿಸುತ್ತದೆ. ಜನಪ್ರಿಯತೆಯಲ್ಲಿ ಹಿಂದಿನವರೆಲ್ಲರನ್ನೂ ಇವರು ಮೀರಿಸಿದರು. ನನಗೆ ಅವರ ಧ್ವನಿ ಕೆಲವೊಮ್ಮೆ ತೀರಾ ನುಣುಪು ಅನ್ನಿಸುತ್ತದೆ. ಎಲ್ಲ ಪೆಟ್ಟೂ ಅದರದರ ಮನೆಯಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತದೆ. ‘ಜ್ಯೋತಿ’ಯಲ್ಲಿ ಮಣಿಯವರು ಒಂದು ಮುಕ್ತಾಯಕ್ಕೆ ಬರುವಾಗ ಉಸಿರು ಹಿಡಿಯುವಂತೆ ಆಗುತ್ತದಲ್ಲ, ಬಿದ್ದೇಬಿಟ್ಟರು ಅನ್ನುವಷ್ಟರಲ್ಲಿ ಸಮಕ್ಕೆ ಬಂದು ನಿಲ್ಲುವ ಆ ಅಪಾಯ ಇಲ್ಲಿ ಕಡಿಮೆ. ಬೇರೆಯವರಿಗೆ ಬೇರೆ ಅನ್ನಿಸಬಹುದು. ಮಾಸ್ತರರ ಎದುರುಮನೆಯ ಹುಡುಗನಿಗೆ ಅಗಂ ಅಂದರೆ ಪ್ರಾಣ.

ಟಿ.ಎ.ಎಸ್. ಮಣಿ 2020ರಲ್ಲಿ ತೀರಿಕೊಂಡರು. ಚಾರ್ಲಿ ಮರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ. ಇವತ್ತು ಅವರ ತಟ್ಟೆಗಳನ್ನು ಕೇಳಲು ಜರ್ಮನಿಗೆ ಹೋಗಬೇಕಿಲ್ಲ, ಫೋನು ಸಾಕು. ಹುಡುಗನಿಗೆ ನಾನು ‘ಜ್ಯೋತಿ’ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರಾತ್ರಿ ಅವನ ಕಿಟಕಿಯಿಂದ ಗಿಟಾರಿನ ಬದಲು ಬಾಯಿಯ ಎಣಿಕೆ ಕೇಳಿಸಿತು, ತಕಿಟ ತಕಧಿಮಿ, ತಪ್ಪುತ್ತ, ಮತ್ತೆ ಹಿಡಿಯುತ್ತ. ಹೇಳಿಕೊಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅವನೂ ಇಬ್ಬರು ಗೆಳೆಯರೂ ಲ್ಯಾಪ್‌ಟಾಪಿನಲ್ಲಿ ತಮ್ಮದೊಂದು ಹಾಡು ಮುದ್ರಿಸಲು ಕೂತರು. ಮಾಸ್ತರರು ತಬಲಾ ತೆಗೆದುಕೊಂಡು ಹೋದರು, ನಾನು ನೋಡಲು ಹೋದೆ. ತಂತ್ರಾಂಶ ತೆರೆದುಕೊಂಡಾಗ ಅದು ತಾನೇ ಮೂರು ತೀರ್ಮಾನ ಮಾಡಿಕೊಂಡಿತ್ತು: ನಿಮಿಷಕ್ಕೆ 120 ಪೆಟ್ಟು, ನಾಲ್ಕರ ತಾಳ, ಸೆಕೆಂಡಿಗೆ 48,000 ಅಳತೆ. ಈ 48,000 ವಿಡಿಯೊ ಲೋಕದ ಈಗಿನ ಕಟ್ಟಳೆ. ಎಲ್ಲರೂ ಹಾಡಿನ ಜೊತೆ ವಿಡಿಯೊ ಹಾಕುವುದರಿಂದ ಅದೇ ರೂಢಿಯಾಗಿದೆ. ಎಂಟಕ್ಕೆ ಒಡೆದರೆ ಪಾಲಿಗೆ 6,000, ಚೊಕ್ಕ. ಏಳಕ್ಕೆ ಒಡೆದರೆ 6,857ರ ಮುಂದೆ ಮುಗಿಯದ ದಶಮಾಂಶ.

‘ಇದು ಕೂಡಂಗಿಲ್ಲಲ್ಲೋ’ ಎಂದರು ಮಾಸ್ತರರು, ಬಿಲ್ಲಿನ ಹಿಂಬದಿಯ ಲೆಕ್ಕವನ್ನು ಮರೆಯದೆ. ಕಿವಿಗೆ ಗೊತ್ತಾಗುವುದಿಲ್ಲ ಎಂದು ನಾನು ಮತ್ತೆ ಹೇಳಿದೆ. ಹುಡುಗ ಅಷ್ಟರಲ್ಲಿ ನಾಲ್ಕನ್ನು ಏಳು ಮಾಡಿ, ಮೆನುವಿನಲ್ಲಿ 48,000ದ ಪಕ್ಕದಲ್ಲೇ ಇದ್ದ 44,100 ಒತ್ತಿ, ಕ್ಲಿಕ್ ಬೇಕೋ ಬೇಡವೋ ಎಂದು ಮಾಸ್ತರರ ಕಡೆ ತಿರುಗಿದ.